ಜೆರಾರ್ಡ್ ರಸ್ತೆಯ ಕಬಡ್ಡಿ ಮಾಸ್ತರ

ಸ್ಕಾರ್ಬರೋ
12 ಅಕ್ಟೋಬರ್ 1997

ಸುಶೀಲಕ್ಕನಿಗೆ ತಮ್ಮ ಮುರಿಗೆಪ್ಪನ ಶರಣಾರ್ಥಿ.

‘ಟೊರೊಂಟೋದಲ್ಲಿ ಹೊತ್ತು ಹೇಗೆ ಕಳೆಯುತ್ತೀ?’ ಎಂದು ಕೇಳಿದ್ದೆ. ನಿಜ ಹೇಳಬೇಕೆಂದರೆ ಕಳೆಯುವುದಿಲ್ಲ ಅಕ್ಕ. ಮಗಳು ವೇದಾ ಬ್ಯಾಂಕಿಗೆ ಹೋಗುತ್ತಾಳೆ. ಅಳಿಯ ಶ್ರೀನಾಥರು ಬೆಳಕು ಹರಿಯುವ ಮೊದಲೇ ಬರ್ಲಿಂಗ್ಟನ್ನಿನ ಆಫೀಸಿಗೆ ಕಾರು ಬಿಡುತ್ತಾರೆ. ಮೊಮ್ಮಗಳು ಈಶಾ ಶಾಲೆಗೆ. ಆಮೇಲೆ ಮನೆಯಲ್ಲಿ ನಾನು, ಮತ್ತು ಫ್ರಿಜ್ಜಿನ ಗುಂಯ್ ಎನ್ನುವ ಸದ್ದು. ಬಿಸಿಲಲ್ಲಿ ಸೀಟಿ ಊದಿಕೊಂಡು ಬದುಕಿದ ಪಿ.ಟಿ. ಮಾಸ್ತರ ನಾನು. ಕಾರ್ಪೆಟ್ಟಿನ ಮೇಲೆ ಅಡ್ಡಾಡಿ ಕಾಲಲ್ಲಿ ಜೀವವೇ ಇಲ್ಲದಂತಾಗಿತ್ತು.

ಆಗಿತ್ತು ಎಂದೆ. ಈಗ ಹಾಗಿಲ್ಲ.

ಕಳೆದ ತಿಂಗಳು ವೇದಾ ನನ್ನನ್ನು ಜೆರಾರ್ಡ್ ರಸ್ತೆಯ ಇಂಡಿಯಾ ಬಜಾರಿಗೆ ಕರೆದುಕೊಂಡು ಹೋಗಿದ್ದಳು. ಅವಳು ಸೀರೆ ಅಂಗಡಿ ಹೊಕ್ಕಳು. ಅದು ಬೇಗ ಮುಗಿಯುವ ಕೆಲಸವಲ್ಲ ಎಂದು ನಿನಗೂ ಗೊತ್ತು. ನಾನು ಸುಮ್ಮನೆ ಮುಂದಕ್ಕೆ ನಡೆದೆ. ಅಂಗಡಿಗಳೆಲ್ಲ ಮುಗಿದ ಮೇಲೆ ಇಟ್ಟಿಗೆಯ ಒಂದು ಕಟ್ಟಡ. ಬಾಗಿಲ ಮೇಲೆ ಬಣ್ಣ ಹೋದ ಬೋರ್ಡು: ‘ಇಂಡಿಯನ್ ಫ್ರೆಂಡ್‌ಶಿಪ್ ಹೌಸ್’. ನಮ್ಮವರದೇ ಸಂಘ ಇರಬೇಕು, ನಾಲ್ಕು ಜನ ಹಿರಿಯರು ಇಸ್ಪೀಟು ಆಡುತ್ತಿರಬೇಕು ಎಂದು ಒಳಗೆ ಹೋದೆ.

ಒಳಗೆ ಹದಿನಾರು ಹದಿನೇಳರ ಹುಡುಗ ಹುಡುಗಿಯರು ಸೋಫಾದ ಮೇಲೆ ಬಿದ್ದುಕೊಂಡು ಟಿ.ವಿ. ನೋಡುತ್ತಿದ್ದರು. ಕಪ್ಪು ಕೂದಲು, ಗೋಧಿ ಬಣ್ಣ. ಆದರೆ ನಮ್ಮವರಲ್ಲ. ಅಡಿಗೆಮನೆಯಿಂದ ದಪ್ಪ ಕನ್ನಡಕದ ಮುದುಕಿಯೊಬ್ಬಳು ಸೌಟು ಹಿಡಿದೇ ಹೊರಬಂದು, “ಯಾರು ಬೇಕಿತ್ತು?” ಎಂದು ಕೇಳಿದಳು.

“ಐ ಆಮ್ ಇಂಡಿಯನ್,” ಎಂದೆ.

ಆಕೆ ನನ್ನ ಟೋಪಿಯಿಂದ ಬೂಟಿನವರೆಗೆ ನೋಡಿ ಎಷ್ಟು ನಕ್ಕಳೆಂದರೆ ಸೌಟಿನ ಸಾರು ನೆಲಕ್ಕೆ ತುಳುಕಿತು. “ಓಹೋ, ನೀವಾ! ಬಿಳಿಯರು ಹಡಗು ಹತ್ತಿ ಹುಡುಕಲು ಹೊರಟಿದ್ದು ನಿಮ್ಮನ್ನೇ. ಐನೂರು ವರ್ಷ ತಡವಾಗಿ ಬಂದಿದ್ದೀರಿ. ಕೂತುಕೊಳ್ಳಿ, ಊಟ ಮಾಡಿ.”

ಆಕೆಯ ಹೆಸರು ವಿನಿಫ್ರೆಡ್. ಸಾರಿನಲ್ಲಿ ಮಾಂಸವಿತ್ತು, ಮುಟ್ಟಲಿಲ್ಲ. ಬ್ಯಾನಕ್ ಎಂಬ ಕರಿದ ರೊಟ್ಟಿ ತಿಂದೆ. ನಮ್ಮ ಪೂರಿಗೆ ದಪ್ಪನೆಯ ಅಣ್ಣ ಇದ್ದಹಾಗೆ. ಹಿಂದುಗಡೆ ಮರದ ನೆಲದ ದೊಡ್ಡ ಹಾಲ್. ಬಾಸ್ಕೆಟ್‌ಬಾಲಿನ ರಿಂಗು ಮುರಿದು ಜೋತಾಡುತ್ತಿತ್ತು. ಅಷ್ಟು ಒಳ್ಳೆಯ ನೆಲ ಖಾಲಿ ಬಿದ್ದದ್ದು, ಅಷ್ಟು ಗಟ್ಟಿಮುಟ್ಟಾದ ಮಕ್ಕಳು ಸೋಫಾದ ಮೇಲೆ ಬಿದ್ದದ್ದು ಎರಡೂ ನೋಡಿ ನನ್ನಿಂದ ತಡೆಯಲಾಗಲಿಲ್ಲ. ಅಂಟು ಟೇಪು ಕೇಳಿ ತೆಗೆದುಕೊಂಡು ನಡುಗೆರೆ ಹಾಕಿದೆ. ಪ್ಯಾಂಟು ಮೊಳಕಾಲಿಗೆ ಮಡಚಿದೆ. “ಕಬಡ್ಡಿ ಕಬಡ್ಡಿ” ಎನ್ನುತ್ತ ಒಬ್ಬನೇ ಖಾಲಿ ಅಂಕಣದಲ್ಲಿ ಹೊಕ್ಕು ಬಂದೆ. ಮಕ್ಕಳು ಟಿ.ವಿ. ಬಿಟ್ಟು ಬಾಗಿಲಲ್ಲಿ ಬಂದು ನಿಂತರು.

ಈಗ ವಾರಕ್ಕೆ ಎರಡು ಸಲ ಹೋಗುತ್ತೇನೆ. ಬಸ್ಸು, ರೈಲು, ಟ್ರಾಮು ಮೂರೂ ಹತ್ತಲು ಕಲಿತೆ. ವೇದಾಗೆ ಲೈಬ್ರರಿ ಎಂದು ಹೇಳಿದ್ದೇನೆ. ಲೈಬ್ರರಿ ಅದೇ ದಾರಿಯಲ್ಲಿದೆ, ಹಾಗಾಗಿ ಪೂರ್ತಿ ಸುಳ್ಳಲ್ಲ. ಶ್ರೀನಾಥರಿಗೆ ಊರಿನ ಆ ಭಾಗ ಅಷ್ಟು ಇಷ್ಟವಿಲ್ಲ, ಅದಕ್ಕೆ.

ನಿನ್ನ
ಮುರಿಗೆಪ್ಪ


ಬೆಟಗೇರಿ
9 ನವೆಂಬರ್ 1997

ಚಿ. ಮುರಿಗೆಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ರವನ್ನು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದೆ. ನಾಲ್ಕು ಮನೆಯವರು ಕೇಳಿದರು. ಪಕ್ಕದ ಮನೆಯ ಪಾರ್ವತೆವ್ವ, “ಅವ್ರೂ ಇಂಡಿಯನ್ನರಂದ್ರ ಯಾವ ಕಡಿಯಾವ್ರ್ರೀ ಟೀಚರ? ನಮ್ಮ ವಿಜಾಪುರ ಕಡಿಯಾವ್ರೇನು?” ಎಂದು ಕೇಳಿದಳು. ನಮ್ಮ ದೇಶದ ಅನಾಥ ಮಕ್ಕಳನ್ನು ಸರ್ಕಾರದವರು ಅಲ್ಲಿ ಸಾಕುತ್ತಿರಬೇಕು ಎಂದು ನಾನು ತಿಳಿಸಿ ಹೇಳಿದೆ. ಒಳ್ಳೆಯ ಕೆಲಸ ಹಿಡಿದಿದ್ದೀ. ಆದರೆ ಹೆತ್ತ ಮಗಳಿಗೆ ಹೇಳದೆ ಹೋಗುವುದು ಏಕೆ? ಚಿಕ್ಕಂದಿನಲ್ಲಿ ಈಜಲು ಕೆರೆಗೆ ಹೋಗಿ ಬಂದು, ಮಠಕ್ಕೆ ಹೋಗಿದ್ದೆ ಎನ್ನುತ್ತಿದ್ದೆ. ತಲೆ ಒದ್ದೆ ಇರುತ್ತಿತ್ತು.

ಆ ಬ್ಯಾನಕ್ ಎಂಬುದನ್ನು ಯಾವುದರಲ್ಲಿ ಕರಿಯುತ್ತಾರೆ? ವಿಚಾರಿಸಿ ತಿಂದೆಯೋ ಇಲ್ಲವೋ?

ಹೆಡ್‌ಮಾಸ್ತರ ಚನ್ನಬಸಪ್ಪನವರು ಸಿಕ್ಕಿದ್ದರು. ಟ್ರಸ್ಟಿನ ಶಾಲೆಯಲ್ಲಿ ಆಟದ ಮಾಸ್ತರಿಕೆ ನಿನಗಾಗಿ ಹಾಗೇ ಇಟ್ಟಿದ್ದಾರಂತೆ. ‘ಮುರಿಗೆಪ್ಪ ಯಾವಾಗ ಬಂದರೂ ಬಯಲು ಅವನದೇ’ ಎಂದರು. ಇದು ನಿನ್ನ ಮನಸ್ಸಿನಲ್ಲಿರಲಿ. ಅಲ್ಲಿ ಸೇರದಿದ್ದರೆ ಯಾರ ಮುಲಾಜೂ ನೋಡದೆ ಹೊರಟು ಬಾ.

ಅಕ್ಕ
ಸುಶೀಲವ್ವ


ಸ್ಕಾರ್ಬರೋ
18 ಜನವರಿ 1998

ಅಕ್ಕನಿಗೆ ಶರಣಾರ್ಥಿ.

ಹಿಮ ಬಿದ್ದು ಬಾಗಿಲೇ ತೆರೆಯುವುದಿಲ್ಲ, ಆದರೂ ಬಿಟ್ಟಿಲ್ಲ, ಹೋಗುತ್ತಿದ್ದೇನೆ.

ಮೊದಲು ಪಾರ್ವತೆವ್ವನ ಪ್ರಶ್ನೆ. ಇವರು ವಿಜಾಪುರದವರಲ್ಲ, ಎಲ್ಲಿಂದಲೂ ಬಂದವರೇ ಅಲ್ಲ. ಈ ನೆಲ ಇವರದು. ಬಿಳಿಯರು ಬರುವ ಮೊದಲಿನಿಂದ ಇಲ್ಲಿದ್ದ ಜನ. ಇಂಡಿಯನ್ ಎನ್ನುವುದು ಹೊರಗಿನವರು ತಪ್ಪಾಗಿ ಇಟ್ಟ ಹೆಸರು. ವಿನಿಫ್ರೆಡ್ ತನ್ನ ಜನವನ್ನು ಅನಿಶಿನಾಬೆ ಎನ್ನುತ್ತಾಳೆ. ಕಾಡು ಕೆರೆಗಳ ನಡುವಿನ ಊರುಗಳಿಂದ ಈ ಪೇಟೆಗೆ ಬಂದ, ಅಥವಾ ತರಲ್ಪಟ್ಟ ಮಕ್ಕಳು ಸಂಜೆ ಸೇರುವ ಜಾಗ ಅದು. ಊಟ ಹಾಕುತ್ತಾರೆ, ಪಾಠಕ್ಕೆ ಕೂರಿಸುತ್ತಾರೆ, ಕೋರ್ಟಿಗೆ, ಕೆಲಸಕ್ಕೆ ಜೊತೆ ಹೋಗುತ್ತಾರೆ, ಡೋಲು ಕಲಿಸುತ್ತಾರೆ.

ನೀನು ಟೀಚರು, ಅದಕ್ಕೇ ಇದನ್ನು ಬರೆಯುತ್ತೇನೆ. ವಿನಿಫ್ರೆಡ್ ಆರು ವರ್ಷದವಳಿದ್ದಾಗ ಮನೆಯಿಂದ ಒಯ್ದು ದೂರದ ಬೋರ್ಡಿಂಗ್ ಶಾಲೆಗೆ ಹಾಕಿದರಂತೆ. ಅಲ್ಲಿ ತಾಯಿಭಾಷೆಯ ಒಂದು ಮಾತು ಆಡಿದರೆ ಬಾಯಿಗೆ ಸಾಬೂನು. ಆಕೆ ಇದನ್ನು ಆಲೂಗಡ್ಡೆ ಸುಲಿಯುತ್ತ ಹೇಳಿದಳು, ಸುಲಿಯುವುದನ್ನು ನಿಲ್ಲಿಸಲಿಲ್ಲ. ನಾನು ಇನ್ನೊಂದು ಚಾಕು ತೆಗೆದುಕೊಂಡು ಜೊತೆಗೆ ಸುಲಿದೆ.

ಇನ್ನು ನಗುವ ವಿಷಯ. ಮೊದಲ ದಿನ ‘ಮುರಿಗೆಪ್ಪ ಮಾಸ್ತರ’ ಎಂದು ಹೆಸರು ಹೇಳಿದ್ದೆ. ಅವರ ಕಿವಿಗೆ ಅದು ‘ಮಸ್ಟರ್ಡ್’ ಎಂದು ಬಿದ್ದಿದೆ. ಅಂದರೆ ಸಾಸಿವೆ. ಈಗ ಇಡೀ ಕಟ್ಟಡಕ್ಕೆ ನಾನು ಮಸ್ಟರ್ಡ್.

ಹುಡುಗಿಯರ ತಂಡ ಚೆನ್ನಾಗಿ ಕೂಡಿಬರುತ್ತಿದೆ. ಅದರಲ್ಲಿ ಜೋಲೀನ್ ಎಂಬವಳು ಇದ್ದಾಳೆ, ಹದಿನೇಳು ವರ್ಷ. ಎಳೆಯ ಕೂಸಿದ್ದಾಗಲೇ ಸರ್ಕಾರದವರು ತಾಯಿಯಿಂದ ಬಿಡಿಸಿ ಸಾಕುಮನೆಗೆ ಕೊಟ್ಟರಂತೆ. ಒಂದಲ್ಲ, ಎಷ್ಟೋ ಸಾಕುಮನೆಗಳು. ತಾಯಿಯ ಊರನ್ನು ಅವಳು ಕಂಡೇ ಇಲ್ಲ. ಓಟದಲ್ಲಿ ಜಿಂಕೆ, ಮಾತಿನಲ್ಲಿ ಮುಳ್ಳು. ಬಹಳ ದಿನ ಗೋಡೆಗೆ ಒರಗಿ ನಿಂತು ನೋಡಿದಳು. ಒಂದು ದಿನ, “ಆಡುತ್ತೇನೆ. ಆದರೆ ನಿಮ್ಮ ಆ ಕಬಡ್ಡಿ ಶಬ್ದ ಕೂಗುವುದಿಲ್ಲ. ಇನ್ನೊಬ್ಬರು ಬಾಯಿಗೆ ಹಾಕಿದ್ದನ್ನು ಕೂಗಿ ನನಗೆ ಸಾಕಾಗಿದೆ,” ಎಂದಳು.

ನನಗೆ ಸಿಟ್ಟು ಬಂತು. ನಿಯಮ ನಿಯಮವೇ ಅಲ್ಲವೇ? ಆಗ ವಿನಿಫ್ರೆಡ್ ಅಡಿಗೆಮನೆಯಿಂದಲೇ, “ಹಾಗಾದರೆ ‘ಆಂಬೆ’ ಅನ್ನು. ನಮ್ಮಲ್ಲಿ ‘ನಡಿ, ಬಾ’ ಅಂದ ಹಾಗೆ,” ಎಂದು ಕೂಗಿದಳು. ಜೋಲೀನ್ ಗೆರೆ ದಾಟಿದಳು. “ಆಂಬೆ ಆಂಬೆ ಆಂಬೆ ಆಂಬೆ”... ಅಕ್ಕ, ಆ ಉಸಿರು! ಮೂವರನ್ನು ಮುಟ್ಟಿ ತಿರುಗಿ ಬಂದಳು. ಏದುಸಿರು ಬಿಡುತ್ತ ಕೇಳಿದಳು: “ಅಂದರೆ ಉಸಿರು ಮುಗಿಯುವುದರೊಳಗೆ ಮನೆಗೆ ಬರಬೇಕು. ಅಷ್ಟೇ ತಾನೇ ಆಟ?” ನಾನು ಇಷ್ಟು ವರ್ಷ ಕಲಿಸಿದ್ದೇನೆ, ಯಾರೂ ಹಾಗೆ ಕೇಳಿರಲಿಲ್ಲ. ಅಷ್ಟೇ ಎಂದೆ.

ಬ್ಯಾನಕ್ ವಿಷಯ ಕೇಳಿದ್ದೆ. ಈಗ ನನಗಾಗಿ ಬೇರೆ ಎಣ್ಣೆಯಲ್ಲಿ ಕರಿಯುತ್ತಾರೆ. ‘ಈಗ’ ಎಂಬ ಶಬ್ದವನ್ನು ದಯವಿಟ್ಟು ಕೆದಕಬೇಡ.

ನಿನ್ನ
ಮುರಿಗೆಪ್ಪ (ಸಾಸಿವೆ)


ಬೆಟಗೇರಿ
22 ಫೆಬ್ರವರಿ 1998

ಚಿ. ಸಾಸಿವೆ ಮಾಸ್ತರನಿಗೆ ಅಕ್ಕನ ಆಶೀರ್ವಾದ.

ಆ ಶಾಲೆಯ ವಿಷಯ ಓದಿದ ದಿನ ಮಧ್ಯಾಹ್ನ ಊಟ ರುಚಿಸಲಿಲ್ಲ. ನಾನು ಜೀವಮಾನವೆಲ್ಲ ಮಕ್ಕಳ ಬಾಯಲ್ಲಿ ಅಕ್ಷರ ಬರಿಸಿದವಳು. ಬಂದ ಮಾತನ್ನು ತೊಳೆದು ತೆಗೆಯುವುದೂ ಶಾಲೆಯ ಕೆಲಸ ಎಂದು ತಿಳಿದವರು ಎಂಥ ಜನ? ಅನಾಥರು ಎಂದು ಕಟ್ಟೆಯ ಮೇಲೆ ಹೇಳಿದ್ದೆನಲ್ಲ, ಎಲ್ಲರನ್ನೂ ಮತ್ತೆ ಕರೆದು ತಪ್ಪು ತಿದ್ದಿದೆ.

ಆದರೆ ‘ಅಂಬೆ ಅಂಬೆ’ ಎನ್ನುತ್ತಾರೆ ಎಂಬುದನ್ನು ಓದುತ್ತಲೇ ಪಾರ್ವತೆವ್ವ ಕೈ ಮುಗಿದಳು. “ದೇವಿ ಎಲ್ಲೆಲ್ಲಿ ಅದಾಳ ನೋಡ್ರಿ!” ಎಂದಳು. ಅರ್ಥ ಬೇರೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಶುಕ್ರವಾರ ಆ ಹುಡುಗಿಯ ಹೆಸರಿನಲ್ಲಿ ಉಡಿ ತುಂಬಿ ಬಂದಿದ್ದಾಳೆ. ಜೋಲೀನ್ ಎಂಬುದು ಬಾಯಿಗೆ ಬರದೆ ಪೂಜಾರಿಯ ಮುಂದೆ ‘ಜೋಳಿನವ್ವ’ ಎಂದಳಂತೆ.

ಇನ್ನೊಂದು ಸಂತೋಷದ ಸುದ್ದಿ. ಮೊನ್ನೆ ಭಾನುವಾರ ವೇದಾ ಫೋನ್ ಮಾಡಿದ್ದಳು. ಎಷ್ಟು ದಿನ ಮುಚ್ಚಿಡುತ್ತೀ ಎಂದು ನಾನೇ ನಿನ್ನ ಕಬಡ್ಡಿ ತಂಡವನ್ನು ಬಾಯಿ ತುಂಬ ಹೊಗಳಿದೆ. ‘ನಿಮ್ಮಪ್ಪ ಲೈಬ್ರರಿಯಲ್ಲಿ ಕೂರುವವನಲ್ಲ, ಎಲ್ಲಿ ಹೋದರೂ ಅಂಕಣ ಹಾಕುವವನು’ ಎಂದೆ. ಅಷ್ಟರಲ್ಲಿ ಲೈನು ಕೆಟ್ಟಿರಬೇಕು, ಫೋನು ಕಟ್ಟಾಯಿತು. ಅವಳಿಗೂ ಬಹಳ ಹೆಮ್ಮೆಯಾಗಿರಬೇಕು.

ಅಕ್ಕ
ಸುಶೀಲವ್ವ


ಸ್ಕಾರ್ಬರೋ
20 ಮಾರ್ಚ್ 1998

ಅಕ್ಕನಿಗೆ ಶರಣಾರ್ಥಿ.

ಇಲ್ಲಿ ಎಲ್ಲರೂ ಕ್ಷೇಮ. ಚಳಿ ಇದೆ. ಈಗ ಹೊರಗೆ ಹೆಚ್ಚು ಹೋಗುತ್ತಿಲ್ಲ. ಟಿ.ವಿ.ಯಲ್ಲಿ ಐಸ್ ಹಾಕಿ ಆಟ ಬರುತ್ತದೆ, ನೋಡುತ್ತೇನೆ.

ಜೂನ್ ಕೊನೆಗೆ ಟಿಕೆಟ್ ನೋಡಲು ಹೇಳಿದ್ದೇನೆ. ಚನ್ನಬಸಪ್ಪನವರಿಗೆ ತಿಳಿಸು.

ಮುರಿಗೆಪ್ಪ


ಬೆಟಗೇರಿ
12 ಏಪ್ರಿಲ್ 1998

ಚಿ. ಮುರಿಗೆಪ್ಪನಿಗೆ ಆಶೀರ್ವಾದ.

ನಿನ್ನ ಪತ್ರ ಬಂತು. ಪತ್ರ ಎನ್ನಲು ಅದರಲ್ಲಿ ಏನೂ ಇರಲಿಲ್ಲ. ಕಟ್ಟೆಯ ಮೇಲೆ ಓದಲಿಲ್ಲ, ಒಳಗೆ ಕೂತು ಎರಡು ಸಲ ಓದಿದೆ. ನೀನು ಐಸ್ ಹಾಕಿ ನೋಡುತ್ತೇನೆ ಎಂದು ಬರೆದರೆ ನಾನು ನಂಬಬೇಕೇ? ಮೊದಲು ನಿನ್ನ ಆರೋಗ್ಯ ಕೆಟ್ಟಿದೆ ಎಂದುಕೊಂಡೆ. ಆಮೇಲೆ ಫೋನಿನ ಲೈನು ನೆನಪಿಗೆ ಬಂತು. ಅದು ಕೆಟ್ಟಿರಲಿಲ್ಲ, ಅಲ್ಲವೇ? ವೇದಾ ಇಟ್ಟುಬಿಟ್ಟಳು.

ಏನಾಯಿತು, ಯಾರು ಏನೆಂದರು, ನೀನು ಏನೆಂದೆ, ಎಲ್ಲ ಬರೆ. ನನ್ನ ಬಾಯಿಂದಲೇ ಆದದ್ದಾದರೆ ಅದನ್ನೂ ಬರೆ. ಆ ಹುಡುಗಿ ಏನು ಮಾಡುತ್ತಿದ್ದಾಳೆ? ಪಾರ್ವತೆವ್ವ ದಿನಾ ಕೇಳುತ್ತಾಳೆ.

ಅಕ್ಕ


ಸ್ಕಾರ್ಬರೋ
17 ಮೇ 1998

ಅಕ್ಕನಿಗೆ ಶರಣಾರ್ಥಿ.

ಕೇಳಿದ್ದೀಯಲ್ಲ, ಎಲ್ಲ ಬರೆಯುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಕೊನೆ ಚೆನ್ನಾಗಿದೆ. ಗಾಬರಿಯಾಗಬೇಡ.

ನಿನ್ನ ಫೋನಿನ ದಿನ ಸಂಜೆ ಮನೆಯಲ್ಲಿ ಪಂಚಾಯಿತಿ ಸೇರಿತು. ಶ್ರೀನಾಥರು ಕೂಗಾಡಲಿಲ್ಲ, ಬೆಂಗಳೂರಿನವರು, ಮೆತ್ತಗೆ ಹೇಳಿದರು: “ಮಾವ, ನಿಮಗೆ ಗೊತ್ತಿಲ್ಲ. ಅಲ್ಲಿ ಕುಡಿತ, ಡ್ರಗ್ಸು, ಪೊಲೀಸು. ಆ ಜನಾನೇ ಹಾಗೆ. ನಿಮಗೆ ಏನಾದ್ರೂ ಆದ್ರೆ ಏನ್ಮಾಡೋದು? ಈಶಾಗೆ ಏನಂತ ಹೇಳೋದು?”

“ಆ ಜನ ಅಂದರೆ ಯಾರು? ನೀವು ಎಷ್ಟು ಜನರ ಜೊತೆ ಮಾತಾಡಿದ್ದೀರಿ?” ಎಂದೆ. ಅವರ ಮೇಲೆ ಸಿಟ್ಟು ಮಾಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. ಆದರೆ ವೇದಾ ಹೇಳಿದ್ದು ಬೇರೆ.

“ಎಲ್ಲಿ ಹೋಗ್ತಿದ್ರಿ ಅನ್ನೂದು ನನಗ ದೊಡ್ಡ ಮಾತಲ್ಲ ಅಪ್ಪಾ. ಲೈಬ್ರರಿ ಬುಕ್ಕು ಹೆಂಗ ಐತಿ ಅಂತ ಕೇಳಿದಾಗ, ಇಲ್ಲದ ಬುಕ್ಕಿನ ಕಥಿ ಕಟ್ಟಿ ಹೇಳಿದ್ರಿ. ನಾ ಅದನ್ನ ಆಫೀಸ್‌ನ್ಯಾಗ ಎಲ್ಲಾರ ಮುಂದ ಹೇಳಿಕೊಂಡು ತಿರಗಿದೆ. ನಮ್ಮಪ್ಪ ಈ ವಯಸ್ಸಿನ್ಯಾಗ ಇಂಗ್ಲಿಷ್ ಕಾದಂಬರಿ ಓದ್ತಾರ ಅಂತ.”

ನನಗೆ ತಲೆ ಎತ್ತಲಾಗಲಿಲ್ಲ. ಮರುದಿನದಿಂದ ಹೋಗುವುದು ಬಿಟ್ಟೆ. ಫ್ರೆಂಡ್‌ಶಿಪ್ ಹೌಸಿಗೆ ಒಂದು ಮಾತೂ ತಿಳಿಸಲಿಲ್ಲ. ಟಿಕೆಟ್ ನೋಡಲು ಹೇಳಿದೆ. ಆ ಐಸ್ ಹಾಕಿಯ ಪತ್ರ ನಿನಗೆ ಬರೆದದ್ದು ಆಗಲೇ.

ಈ ತಿಂಗಳ ಮೊದಲ ಭಾನುವಾರ ಬಾಗಿಲ ಗಂಟೆ ಸದ್ದಾಯಿತು. ಈಶಾ ತೆಗೆದಳು. ಹೊರಗೆ ವಿನಿಫ್ರೆಡ್, ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಹಿಂದೆ ಜೋಲೀನ್, ಈ ಬೀದಿಯೇ ತನಗೆ ಆಗದು ಎಂಬಂತೆ ನಿಂತಿದ್ದಳು. ನಾನು ವಾಲಂಟಿಯರ್ ಎಂದು ಸೇರಿಕೊಂಡಾಗ ಕೊಟ್ಟ ವಿಳಾಸ ಹುಡುಕಿಕೊಂಡು ಬಂದಿದ್ದರು.

“ನಮ್ಮ ಮಸ್ಟರ್ಡ್ ಬದುಕಿದ್ದಾನೆಯೋ ಇಲ್ಲವೋ ನೋಡಲು ಬಂದೆವು,” ಎಂದಳು ವಿನಿಫ್ರೆಡ್.

ಶ್ರೀನಾಥರು ಎದ್ದು ನಿಂತರು. ಆಗ ಈಶಾ ಜೋಲೀನಳ ಮುಂದೆ ಹೋಗಿ ನಿಂತು ಕೇಳಿಬಿಟ್ಟಳು: “ಆರ್ ಯೂ ಎ ರಿಯಲ್ ಇಂಡಿಯನ್?”

ವೇದಾ ಕಣ್ಣು ಮುಚ್ಚಿದಳು. ಜೋಲೀನ್ ಅವಳನ್ನು ಮೇಲಿಂದ ಕೆಳಗೆ ನೋಡಿ, “ಯೂ ಫಸ್ಟ್,” ಎಂದಳು. ಮೊದಲು ನೀನು ಹೇಳು ಎಂದು.

ಈಶಾ ಬಹಳ ಹೊತ್ತು ವಿಚಾರ ಮಾಡಿದಳು. “ಐ ಡೋಂಟ್ ನೋ,” ಎಂದಳು.

“ಸೇಮ್ ಹಿಯರ್,” ಎಂದಳು ಜೋಲೀನ್. ಇಬ್ಬರೂ ನಕ್ಕರು. ಜೋಲೀನ್ ಬಾಯಿ ಬಿಟ್ಟು ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಒಳಗೆ ಕೂತ ಮೇಲೆ ವಿಷಯ ತಿಳಿಯಿತು. ನಾನು ಬಿಟ್ಟ ಮೇಲೆ ತಂಡ ಒಡೆದಿತ್ತು. ಹೇಳದೆ ಕೇಳದೆ ಮಾಯವಾಗುವವರನ್ನು ಆ ಮಕ್ಕಳು ಬಹಳ ಕಂಡಿದ್ದಾರೆ, ನಾನೂ ಅವರಲ್ಲೊಬ್ಬ ಎಂದುಕೊಂಡಿದ್ದರು. ಇದನ್ನು ಕೇಳಿ ನನಗೆ ಆದದ್ದನ್ನು ಬರೆಯಲಾರೆ. ಜೋಲೀನಳಿಗೆ ಜೂನಿನಲ್ಲಿ ಹದಿನೆಂಟು ತುಂಬುತ್ತದೆ. ಆಮೇಲೆ ಸಾಕುಮನೆಯವರು ಇಟ್ಟುಕೊಳ್ಳುವುದಿಲ್ಲ. ಅವಳು ಶಾಲೆ ಬಿಟ್ಟು, ಬಸ್ಸು ಹತ್ತಿ, ಉತ್ತರಕ್ಕೆ ತಾಯಿಯ ಊರು ಹುಡುಕಲು ಹೊರಟಿದ್ದಳು. ಇನ್ನೊಂದೇ ವರ್ಷದ ಓದು ಉಳಿದಿದೆ.

“ಯಾರ ಮಾತೂ ಕೇಳುವುದಿಲ್ಲ ಇವಳು. ಅಂಕಣದಲ್ಲಿ ನೀವು ಹೇಳಿದರೆ ಮಾತ್ರ ಕೇಳುತ್ತಾಳೆ. ಅದಕ್ಕೇ ಕರೆದುಕೊಂಡು ಬಂದೆ,” ಎಂದಳು ವಿನಿಫ್ರೆಡ್.

ನಾನು ಮೊದಲು ಕ್ಷಮೆ ಕೇಳಿದೆ. ಆಮೇಲೆ ಬುದ್ಧಿಮಾತು ಹೇಳಲು ನನಗೆ ಯೋಗ್ಯತೆ ಉಳಿದಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದನ್ನೇ ಹೇಳಿದೆ: “ಆಗಸ್ಟಿನಲ್ಲಿ ಊರಾಚೆಯ ಮಾಲ್ಟನ್ನಿನ ಪಂಜಾಬಿ ಹುಡುಗಿಯರ ಜೊತೆ ಮ್ಯಾಚ್ ಕೇಳಿದ್ದೆ, ಒಪ್ಪಿದ್ದಾರೆ. ರೇಡರ್ ನೀನೇ. ಅಲ್ಲಿಯವರೆಗೆ ಇರು.”

“ಎಲ್ಲಿ ಇರಲಿ?” ಎಂದಳು.

“ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ ಎಂದು ಚಳಿಗಾಲದಿಂದ ಹೇಳುತ್ತಿದ್ದೇನೆ,” ಎಂದಳು ವಿನಿಫ್ರೆಡ್.

ಆಗ ಮಾತಾಡಿದವಳು ವೇದಾ. ಧಾರವಾಡದ ಹಾಸ್ಟೆಲಿನಲ್ಲಿ ಬೆಳೆದ ಹುಡುಗಿ ಅಲ್ಲವೇ ಅವಳು. ಜೋಲೀನಳ ಪಕ್ಕಕ್ಕೆ ಹೋಗಿ ಕೂತು, “ಯಾವ ಸಬ್ಜೆಕ್ಟು ಕಷ್ಟ?” ಎಂದು ಕೇಳಿದಳು. ಗಣಿತವಂತೆ. “ಶನಿವಾರ ನಾನು ಬರುತ್ತೇನೆ. ಬ್ಯಾಂಕಿನಲ್ಲಿ ಇಡೀ ವಾರ ಅದನ್ನೇ ಮಾಡುತ್ತೇನೆ, ಇನ್ನೊಂದು ದಿನ ಹೆಚ್ಚಲ್ಲ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಈಗರ ಇಬ್ಬರೂ ಕೂಡೇ ಹೋಗೂಣು. ಲೈಬ್ರರಿ ಅನಬ್ಯಾಡ್ರಿ,” ಎಂದಳು.

ಶ್ರೀನಾಥರು ಸಂಜೆ ಅವರಿಬ್ಬರನ್ನೂ ಕಾರಿನಲ್ಲಿ ಬಿಟ್ಟು ಬಂದರು. ಬಹಳ ತಡವಾಗಿ ಬಂದರು. ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಕೋಟು ತೆಗೆಯುತ್ತ ಇಷ್ಟೇ ಎಂದರು: “ಆ ಬಾಸ್ಕೆಟ್ ರಿಂಗು ಯಾರು ಫಿಟ್ ಮಾಡಿದ್ದು ಮಾವ? ಆ್ಯಂಗಲ್ಲೇ ತಪ್ಪು. ಮುಂದಿನ ವಾರ ನನ್ನ ಡ್ರಿಲ್ಲು ತಗೊಂಡು ಹೋಗ್ತೀನಿ.”

ಜೂನಿನ ಟಿಕೆಟನ್ನು ಮ್ಯಾಚಿನ ಆಚೆಗೆ ಹಾಕಿಸಿದ್ದೇನೆ. ನಿನ್ನ ಬಾಯಿಂದ ಆದದ್ದು ಕೇಡಲ್ಲ ಅಕ್ಕ. ನೀನು ಹೇಳಿರದಿದ್ದರೆ ನಾನು ಇನ್ನೂ ಕಥೆ ಕಟ್ಟುತ್ತಲೇ ಇರುತ್ತಿದ್ದೆ.

ನಿನ್ನ
ಮುರಿಗೆಪ್ಪ


ಸ್ಕಾರ್ಬರೋ
4 ಆಗಸ್ಟ್ 1998

ಅಕ್ಕನಿಗೆ ಶರಣಾರ್ಥಿ.

ನಿನ್ನೆ ಮ್ಯಾಚ್ ಆಯಿತು. ಸೋತೆವು. ಇಷ್ಟು ಚೆನ್ನಾಗಿ ಸೋತದ್ದು ನನ್ನ ಜೀವನದಲ್ಲಿ ಇದೇ ಮೊದಲು.

ಮಾಲ್ಟನ್ನಿನ ಪಾರ್ಕು. ಒಂದು ಕಡೆ ಪಂಜಾಬಿಗಳು, ಢೋಲು. ಇನ್ನೊಂದು ಕಡೆ ನಮ್ಮವರು, ಅವರ ದೊಡ್ಡ ಡೋಲು. ಎರಡೂ ಒಂದೇ ಹೊತ್ತಿಗೆ ಶುರುವಾಗಿ ಆಟದ ಸೀಟಿಯೇ ಕೇಳಿಸಲಿಲ್ಲ. ನಮ್ಮ ಹುಡುಗಿಯರ ‘ಆಂಬೆ’ ಕೇಳಿ ಅಂಪೈರು ಕೈ ಎತ್ತಿ ನಿಲ್ಲಿಸಿದ. “ಕಬಡ್ಡಿ ಎಂದೇ ಹೇಳಬೇಕು, ರೂಲು!” ನಾನು ವಾದ ಮಾಡಿದೆ. ಅವನೂ ಮಾಡಿದ. ಆಗ ಅವರ ಕಡೆಯ ಕೋಚು, ಬಿಳಿ ಗಡ್ಡದ ಸರ್ದಾರ್ಜಿ, ನಡುವೆ ಬಂದು ಜೋಲೀನಳಿಗೆ ಹಿಂದಿಯಲ್ಲೇ ಹೇಳಿದರು: “ಜೋ ಬೋಲನಾ ಹೈ ಬೋಲೋ ಬೇಟಿ, ಸಾಂಸ್ ಮತ್ ತೋಡನಾ.” ಬೇಕಾದ್ದನ್ನು ಹೇಳು ಮಗಳೇ, ಉಸಿರು ಮಾತ್ರ ಮುರಿಯಬೇಡ. ಅವಳಿಗೆ ಹಿಂದಿ ಬರುವುದಿಲ್ಲ, ಆದರೂ ತಲೆಯಾಡಿಸಿದಳು.

ಕೊನೆಯ ರೇಡಿನಲ್ಲಿ ಅವಳನ್ನು ನಾಲ್ವರು ಹಿಡಿದರು. ಅಷ್ಟೂ ಜನರನ್ನು ಎಳೆದುಕೊಂಡು ಬಂದಳು, ಕೈ ಗೆರೆಗೆ ಒಂದು ಗೇಣು ದೂರದಲ್ಲಿ ನಿಂತುಹೋಯಿತು. ಉಸಿರು ಮುಗಿಯಿತು. ಹಿಡಿದ ಹುಡುಗಿಯರೇ ಅವಳನ್ನು ಎತ್ತಿ ನಿಲ್ಲಿಸಿ ಮಣ್ಣು ಕೊಡವಿದರು. ಶ್ರೀನಾಥರು ನನಗಿಂತ ಜೋರಾಗಿ, “ಮುಟ್ಟಿದ್ಳು ಮುಟ್ಟಿದ್ಳು, ನಾನ್ ನೋಡ್ದೆ!” ಎಂದು ಕೂಗುತ್ತ ಅಂಕಣದೊಳಗೇ ಓಡಿದರು. ಮುಟ್ಟಿರಲಿಲ್ಲ. ಅವರನ್ನು ಹಿಡಿದು ತರಲು ವೇದಾ ಹೋಗಬೇಕಾಯಿತು.

ಆಮೇಲೆ ಹುಲ್ಲಿನ ಮೇಲೆ ಕೂತು ಎಲ್ಲರೂ ಛೋಲೆ ತಿಂದೆವು. ಜೋಲೀನ್ ನನ್ನ ಪಕ್ಕಕ್ಕೆ ಬಂದು, “ಶಾಲೆ ಮುಗಿಸಿ ಹೋಗುತ್ತೇನೆ. ಊರು ಎಲ್ಲಿಗೂ ಓಡಿಹೋಗುವುದಿಲ್ಲ,” ಎಂದಳು. ಅಷ್ಟೇ. ಮತ್ತೆ ತಟ್ಟೆಯ ಕಡೆ ನೋಡಿದಳು.

ನನ್ನ ಟಿಕೆಟ್ ಸೆಪ್ಟೆಂಬರ್ ಇಪ್ಪತ್ತಕ್ಕೆ ಗಟ್ಟಿಯಾಗಿದೆ. ನೀನು ಕಾಯುತ್ತಿದ್ದೀ, ಚನ್ನಬಸಪ್ಪನವರೂ ಬಯಲು ಖಾಲಿ ಇಟ್ಟುಕೊಂಡು ಕಾಯುತ್ತಿದ್ದಾರೆ. ಇನ್ನು ತಡ ಮಾಡುವುದು ಸರಿಯಲ್ಲ. ಬರುತ್ತೇನೆ.

ನಿನ್ನ
ಮುರಿಗೆಪ್ಪ


ಬೆಟಗೇರಿ
23 ಆಗಸ್ಟ್ 1998

ಚಿ. ಮುರಿಗೆಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ರ ಕಟ್ಟೆಯ ಮೇಲೆ ಓದುವಾಗ ಆ ಗೇಣಿನ ಜಾಗಕ್ಕೆ ಬಂದು ಪಾರ್ವತೆವ್ವ ಅತ್ತಳು. ಆಮೇಲೆ ಅಂಪೈರನನ್ನು ಬೈದಳು.

ಈಗ ನಾನು ಹೇಳುವುದನ್ನು ಕೂತು ಓದು. ನೀನು ಬರುತ್ತೇನೆ ಎಂದು ಬರೆದ ಕೊನೆಯ ನಾಲ್ಕು ಸಾಲು ಓದಿ ನನಗೆ ಸಂತೋಷ ಆಗಲಿಲ್ಲ. ಮೇಲಿನ ಪತ್ರವೆಲ್ಲ ಕುಣಿಯುತ್ತಿತ್ತು, ಆ ನಾಲ್ಕು ಸಾಲು ಮಾತ್ರ ಸಾಲಾಗಿ ನಿಂತ ಡ್ರಿಲ್ಲಿನ ಹುಡುಗರ ಹಾಗೆ ಇದ್ದವು. ನಿನಗೆ ಬರುವ ಮನಸ್ಸಿಲ್ಲ. ನನಗಾಗಿ ಬರುತ್ತಿದ್ದೀ.

ಚನ್ನಬಸಪ್ಪನವರು ಯಾರನ್ನೂ ಕಾಯುತ್ತಿಲ್ಲ. ಆ ಕೆಲಸಕ್ಕೆ ಹೋದ ವರ್ಷ ದೀಪಾವಳಿಯ ಹೊತ್ತಿಗೇ ಹೊಸ ಹುಡುಗನನ್ನು ತೆಗೆದುಕೊಂಡರು. ನಾನು ನಿನಗೆ ಮೊದಲ ಸಲ ಬರೆದಾಗಲೇ ಅದು ಗೊತ್ತಿತ್ತು. ಹೆಂಡತಿ ಗಿರಿಜಾ ತೀರಿಕೊಂಡ ಮೇಲೆ ಮಗಳ ಮನೆಗೆ ಹೋದವನು, ಅಲ್ಲಿ ಯಾರಾದರೂ ಒಂದು ಮಾತು ಅಂದರೆ ‘ನನಗೂ ಒಂದು ಬಯಲಿದೆ’ ಎಂದು ಎದೆ ಸೆಟೆದು ನಿಲ್ಲಲಿ ಎಂದು ಹಾಗೆ ಬರೆದೆ. ನಿನಗೆ ಬೇರೆ ಬಯಲು ಸಿಕ್ಕಿದೆ. ಇನ್ನು ಆ ಮಾತು ಬೇಡ.

ನನ್ನ ಚಿಂತೆ ಬಿಡು. ಬೆಳಿಗ್ಗೆ ಬಾಲವಾಡಿ, ಸಂಜೆ ಕಟ್ಟೆ, ನಡುವೆ ಪಾರ್ವತೆವ್ವನ ಜೊತೆ ಜಗಳ. ನನಗೆ ಬಿಡುವಿಲ್ಲ. ನೋಡಬೇಕೆನಿಸಿದಾಗ ಬಂದು ಹೋಗು, ಚಕ್ಕಲಿ ಮಾಡುತ್ತೇನೆ. ಟಿಕೆಟು ರದ್ದು ಮಾಡಿಸು.

ಅಕ್ಕ
ಸುಶೀಲವ್ವ


ಉತ್ತರ ಒಂಟಾರಿಯೋ
11 ಸೆಪ್ಟೆಂಬರ್ 2005

ಅಕ್ಕನಿಗೆ ಶರಣಾರ್ಥಿ.

ಫೋನು ಅಗ್ಗವಾದ ಮೇಲೆ ನಾವಿಬ್ಬರೂ ಪತ್ರ ಮರೆತೆವು. ಇಲ್ಲಿ ನನ್ನ ಫೋನಿಗೆ ಸಿಗ್ನಲ್ಲೇ ಇಲ್ಲ. ಅದಕ್ಕೇ ಎಷ್ಟೋ ವರ್ಷಗಳ ಮೇಲೆ ಪೆನ್ನು ಹಿಡಿದಿದ್ದೇನೆ.

ಜೋಲೀನ್ ಥಂಡರ್ ಬೇಯಲ್ಲಿ ಓದಿ ಟೀಚರಾದಳು ಎಂದು ಫೋನಿನಲ್ಲಿ ಹೇಳಿದ್ದೆನಲ್ಲ. ಈ ಬೇಸಿಗೆ ಅವಳಿಗೆ ತಾಯಿಯ ಊರಿನ ಶಾಲೆಯಲ್ಲೇ ಕೆಲಸವಾಯಿತು. ಆಟದ ಟೀಚರು. ‘ಮೊದಲ ವಾರ ನೀವು ಬರಲೇಬೇಕು’ ಎಂದು ಹಟ ಹಿಡಿದಳು. ರಸ್ತೆ ಇಲ್ಲದ ಊರು. ನಮ್ಮ ಟೆಂಪೋದಷ್ಟು ಚಿಕ್ಕ ವಿಮಾನದಲ್ಲಿ ಹಾರಿ ಬಂದೆ. ವಿನಿಫ್ರೆಡ್ ಜೊತೆಗಿದ್ದಳು. ಎಂಬತ್ತರ ಹತ್ತಿರ ಆಕೆಗೆ. ದಾರಿಯುದ್ದಕ್ಕೂ ನಿದ್ದೆ ಮಾಡಿದಳು, ನಾನು ಸೀಟಿನ ಕಂಬಿ ಬಿಡಲಿಲ್ಲ.

ಕೆರೆಯ ದಂಡೆಯಲ್ಲಿ ಮರದ ಮನೆಗಳು. ಜೋಲೀನಳ ತಾಯಿ ಈಗಿಲ್ಲ. ಇವಳು ಮೊದಲ ಸಲ ಇಲ್ಲಿಗೆ ಬರುವ ಎರಡು ವರ್ಷ ಮೊದಲೇ ಹೋಗಿಬಿಟ್ಟಿದ್ದರು. ಸೋದರಮಾವ ಇದ್ದಾನೆ, ಅಜ್ಜಿ ಇದ್ದಾಳೆ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಜೋಲೀನ್ ಪ್ರತಿ ಬೇಸಿಗೆ ಬಂದು ಅವಳ ಅಡಿಗೆಮನೆಯಲ್ಲಿ ಕೂತಿದ್ದಾಳೆ, ಆರು ವರ್ಷ.

ನಿನ್ನೆ ಶನಿವಾರವಾದರೂ ಊರಿನ ಮಕ್ಕಳೆಲ್ಲ ಶಾಲೆಯ ಬಯಲಿಗೆ ಬಂದಿದ್ದರು. ನಾನು ಒಂದು ಕುರ್ಚಿ ಹಾಕಿಸಿಕೊಂಡು ಕೂತೆ. ಬಿಸಿಲು ಚೆನ್ನಾಗಿತ್ತು. ಮಕ್ಕಳು ಎರಡು ಗುಂಪಾಗಿ ಜಗಳ ಶುರುಮಾಡಿದರು. ಯಾರು ಔಟು, ಯಾರು ಮೋಸ ಮಾಡಿದರು ಎಂದಿರಬೇಕು. ಕೈ ತೋರಿಸುವುದು, ನೆಲ ಒದೆಯುವುದು, ಒಬ್ಬರ ಮೇಲೊಬ್ಬರು ಕೂಗುವುದು. ಎಲ್ಲ ಅವರ ಭಾಷೆಯಲ್ಲಿ. ನಡುವೆ ಒಂದು ಇಂಗ್ಲಿಷ್ ಶಬ್ದವೂ ಇಲ್ಲ. ವಿನಿಫ್ರೆಡ್ ನನ್ನ ತೋಳು ಹಿಡಿದುಕೊಂಡು ಕೇಳುತ್ತ ಕೂತಿದ್ದಳು. ಆಕೆಯ ಕನ್ನಡಕ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

ನನಗೆ ಒಂದು ಮಾತೂ ತಿಳಿಯಲಿಲ್ಲ ಅಕ್ಕ. ಒಬ್ಬ ಸಣ್ಣ ಪೋರಿ ಓಡಿ ಬಂದು ಜೋಲೀನಳ ಅಂಗಿ ಜಗ್ಗಿ, ಉಸಿರು ಬಿಡದೆ ಏನೋ ದೂರು ಹೇಳಿದಳು. ಉದ್ದನೆಯ ದೂರು. ಜೋಲೀನ್ ಬಗ್ಗಿ ಪೂರ್ತಿ ಕೇಳಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಆ ಗುಂಪಿನ ಕಡೆ ತಿರುಗಿ, ಅದೇ ಭಾಷೆಯಲ್ಲಿ, ಎಲ್ಲರಿಗೂ ಬೈಯತೊಡಗಿದಳು.

ನಿನ್ನ
ಮುರಿಗೆಪ್ಪ